ಊರ ಹಬ್ಬ, ಊರ ರಾಜಕೀಯದ ಮೇಲೆ ಪಿಎಚ್‌ಡಿ ಮಾಡೋಕೆ ಮೊದಲು ಯಾವ ಥಿಯರಿ ಹಿಡೀಬೇಕು?

ನಿಮ್ಮ ಪ್ರಶ್ನೆ ಓದ್ತಿದ್ದಂಗೆ ಹದಿನೈದು ವರ್ಷದ ಹಿಂದಿನ ನಾನೇ ಕಣ್ಮುಂದೆ ಬಂದೆ. ಊರಿನ ಮಾರಿಹಬ್ಬ, ಪಂಚಾಯ್ತಿ ಎಲೆಕ್ಷನ್ ಎರಡನ್ನೂ ಸೇರಿಸಿ ಕೆಲಸ ಮಾಡ್ಬೇಕು, ಸಮಾಜಶಾಸ್ತ್ರಜ್ಞ ಶ್ರೀನಿವಾಸ್ ಅವರದ್ದು ಹಿಡೀಲಾ, ಮಾರ್ಕ್ಸ್‌ದಾ, ಫ್ರೆಂಚ್ ಸಮಾಜಶಾಸ್ತ್ರಜ್ಞ ಬೂರ್ದಿಯೊದಾ, ಫ್ರೇಮ್‌ವರ್ಕ್ ಫಿಕ್ಸ್ ಮಾಡ್ಕೊಂಡೇ ಫೀಲ್ಡ್‌ಗೆ ಹೋಗು ಅಂತ ಸೀನಿಯರ್ಸ್ ಹೇಳ್ತಿದಾರೆ ಅಂದಿದೀರಿ. ನಂಗೂ ಇದನ್ನೇ ಹೇಳಿದ್ರು, ನಾನೂ ಹಂಗೇ ಮಾಡ್ದೆ, ಎರಡು ವರ್ಷ ಮತ್ತೆ ಒಂದು ಇಡೀ ಅಧ್ಯಾಯ ಕಳ್ಕೊಂಡೆ.

2009ರಲ್ಲಿ ಮಂಡ್ಯ ಕಡೆಯ ಒಂದು ಹಳ್ಳಿಗೆ ಹೋದೆ. ತಲೆ ತುಂಬಾ ಎಂ.ಎನ್. ಶ್ರೀನಿವಾಸ್. ಅವರು ಮೈಸೂರಿನೋರು, 1948ರಲ್ಲಿ ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ಉಳಿದು ಅದಕ್ಕೆ ರಾಂಪುರ ಅಂತ ಹೆಸರಿಟ್ಟು ಬರೆದೋರು, ನಮ್ಮ ಸೀಮೆ ಅರ್ಥ ಆಗೋಕೆ ಇನ್ನೇನು ಬೇಕು ಅನ್ಕೊಂಡಿದ್ದೆ. ಪ್ರಬಲ ಜಾತಿ ಅಂದ್ರೆ ತಲೆಎಣಿಕೆಯಲ್ಲಿ ಜಾಸ್ತಿ ಇರ್ಬೇಕು, ಜಮೀನು ಕೈಲಿರ್ಬೇಕು, ಜಾತಿ ಮೆಟ್ಟಿಲಲ್ಲಿ ತೀರಾ ಕೆಳಗಿರಬಾರ್ದು. ಸಂಸ್ಕೃತೀಕರಣ ಅಂದ್ರೆ ಕೆಳಗಿನ ಜಾತಿಯೋರು ಮೇಲಿನೋರ ಆಚಾರ, ಊಟ, ಪೂಜೆ ರೂಢಿ ಮಾಡ್ಕೊಂಡು ಮೇಲೇರೋಕೆ ನೋಡೋದು. ಇವೆರಡೂ ಬಾಯಿಪಾಠ ಆಗಿತ್ತು.

ನನ್ನ ನೋಟ್‌ಬುಕ್‌ನ ಪ್ರತಿ ಪುಟದ ಮಧ್ಯೆ ಸ್ಕೇಲಿಟ್ಟು ಗೆರೆ ಎಳ್ದಿದ್ದೆ. ಎಡಗಡೆ ಕಂಡಿದ್ದು-ಕೇಳಿದ್ದು, ಬಲಗಡೆ ಅದಕ್ಕೆ ಥಿಯರಿಯ ಹೆಸರು. ಮೊದಲ ಎರಡು ವಾರ ಎರಡೂ ಕಡೆ ತುಂಬ್ತಿತ್ತು. ಆಮೇಲೆ ದಿನಕ್ಕೆ ಆರೇಳು ಮನೆ ಸುತ್ತಿ ಸಾಕಾಗಿ, ಎಡಗಡೆ ಒಂದು ಸಾಲು, ಬಲಗಡೆ ಒಂದು ಪದ ಬರ್ದು ಮಲಗ್ತಿದ್ದೆ. ಮೂರನೇ ತಿಂಗಳಿಗೆ ಎಡಗಡೆ ಪೂರ್ತಿ ಖಾಲಿ.

ಮಾರಿಹಬ್ಬದ ವಾರ ಹತ್ತು ಹದಿನೈದು ಮನೆಯ ಒಂದು ಹಿಂದುಳಿದ ಜಾತಿಯ ಬೀದಿಯಲ್ಲಿ ಒಬ್ಬ ಅಜ್ಜಿ ಜೊತೆ ಕೂತಿದ್ದೆ. ಅವರು ಒಲೆ ಮುಂದೆ ತಂಬಿಟ್ಟು ಕಟ್ತಾ ಇದ್ರು, ಬೆಲ್ಲದ ಪಾಕ ಅಂಟಿದ ಕೈನ ಆಗಾಗ ಚೊಂಬಿನ ನೀರಲ್ಲಿ ಅದ್ದಿ ಅದ್ದಿ ಮಾತಾಡ್ತಿದ್ರು. ಈಗ ಗುಡಿ ಮುಂದೆ ಮರಿ ಕಡಿಯಲ್ವಾ ಅಜ್ಜಿ ಅಂತ ಕೇಳ್ದೆ. ಇಲ್ಲ ಕಣಪ್ಪ ಅಂದ್ರು, ಆಮೇಲೆ ಹತ್ತು ನಿಮಿಷ ಏನೋ ಹೇಳಿದ್ರು. ಏನು ಹೇಳಿದ್ರು ಅಂತ ನನ್ನನ್ನ ಕೇಳ್ಬೇಡಿ, ನನ್ನತ್ರ ಇಲ್ಲ. ಪುಸ್ತಕದಲ್ಲಿ ಇರೋದು ಇಷ್ಟೇ: ಮರಿ ಬಲಿ ನಿಂತಿದೆ, ತಂಬಿಟ್ಟಿನ ಆರತಿ ಮಾತ್ರ, ಸಂಸ್ಕೃತೀಕರಣ. ಆ ಕೊನೇ ಪದದ ಕೆಳಗೆ ಖುಷಿಯಿಂದ ಎರಡು ಗೆರೆ ಬೇರೆ ಎಳ್ದಿದೀನಿ.

2010ರ ಗ್ರಾಮ ಪಂಚಾಯ್ತಿ ಎಲೆಕ್ಷನ್‌ನಲ್ಲಿ ಊರಿನ ದೊಡ್ಡ ಗೌಡ್ರ ಮನೆಯೋರು ನಿಲ್ಸಿದ ಅಭ್ಯರ್ಥಿ ಸೋತ. ಆ ಸಣ್ಣ ಬೀದಿ ಪೂರ್ತಿ ಬೇರೆ ಕಡೆ ಒತ್ತಿತ್ತು. ನನ್ನ ಅಧ್ಯಾಯದಲ್ಲಿ ಅದಕ್ಕೆ ಒಂದೇ ಒಂದು ಕಾರಣಾನೂ ಇರ್ಲಿಲ್ಲ. ಮುಂದಿನ ವರ್ಷ ಕೊಲೋಕ್ವಿಯಂನಲ್ಲಿ, ಅಂದ್ರೆ ಮಾಡಿದ ಕೆಲಸಾನ ಎಲ್ಲರ ಮುಂದೆ ಮಂಡಿಸೋ ಸಭೇಲಿ, ಹಿರಿಯ ಮೇಡಂ ಒಬ್ರು, ಬಲಿ ಬಿಟ್ಟಿದ್ದು ಮೇಲಿನೋರನ್ನ ನೋಡಿ ಅಂತ ಆ ಅಜ್ಜಿ ಹೇಳಿದ್ರಾ, ಅವರ ಮಾತಲ್ಲೇ ಓದಿ ಅಂದ್ರು. ಪುಟ ತಿರುಗಿಸ್ತಾನೇ ನಿಂತಿದ್ದೆ. ಅಧ್ಯಾಯ ತೆಗೀರಿ ಅಂದ್ರು, ತೆಗ್ದೆ. ಫೆಲೋಶಿಪ್ ಮುಗಿದಿತ್ತು, ಒಂದು ಕಾಲೇಜಲ್ಲಿ ಗೆಸ್ಟ್ ಲೆಕ್ಚರರ್ ಆಗಿ ಪಾಠ ಮಾಡ್ತಾ ಎರಡು ವರ್ಷ ಮತ್ತೆ ಫೀಲ್ಡ್‌ವರ್ಕ್ ಮಾಡ್ದೆ.

ಈ ತಪ್ಪನ್ನ ಜನ ಬೇರೆ ಥರ ಅರ್ಥ ಮಾಡ್ಕೋತಾರೆ, ಅದಕ್ಕೇ ಬಿಡಿಸಿ ಹೇಳ್ತೀನಿ. ಥಿಯರಿ ಓದ್ಕೊಂಡು ಹೋಗಿದ್ದು ನನ್ನ ತಪ್ಪಲ್ಲ. ತಪ್ಪು ಥಿಯರಿ ಆರಿಸ್ಕೊಂಡಿದ್ದೂ ಅಲ್ಲ, ಶ್ರೀನಿವಾಸ್ ಜಾಗದಲ್ಲಿ ಮಾರ್ಕ್ಸ್ ಇಟ್ಟಿದ್ರೂ ಗೆರೆ ಎಳೆದ ಆ ಪದ ಬೇರೆ ಆಗ್ತಿತ್ತು, ಅಷ್ಟೇ. ಜನ ಆಡಿದ ಮಾತನ್ನ ಬರ್ಕೊಳ್ಳೋ ಬದಲು ಅದಕ್ಕೆ ನಾನು ಇಟ್ಟ ಹೆಸರನ್ನ ಬರ್ಕೊಂಡಿದ್ದು, ಅದೊಂದೇ ತಪ್ಪು. ಹೆಸರು ತಪ್ಪಾದ್ರೆ ನಾಳೆ ಹೊಡೆದು ಹಾಕಿ ಬೇರೆ ಬರೀಬಹುದು, ಮಾತು ಇದ್ರೆ. ಮಾತೇ ಇಲ್ದಿದ್ರೆ ಹೆಸರು ಸರಿಯೋ ತಪ್ಪೋ ಅಂತ ನೋಡೋಕೂ ದಾರಿ ಇಲ್ಲ. ಇನ್ನೊಂದು, ಹೆಸರು ಬರ್ದ ತಕ್ಷಣ ಮನಸ್ಸಿಗೆ ಕೆಲಸ ಮುಗೀತು ಅನ್ಸತ್ತೆ. ಹಂಗಾದ್ರೆ ಮರಿ ಎಲ್ಲಿ ಹೋಯ್ತು ಅಜ್ಜಿ ಅಂತ ಕೇಳೋದು ನನಗೆ ಹೊಳೀಲೇ ಇಲ್ಲ, ಅವರ ಹಿತ್ತಲಲ್ಲೇ ಒಂದು ಮರಿ ಕಟ್ಟಿತ್ತು, ನಾನು ಅದನ್ನ ದಾಟ್ಕೊಂಡೇ ಒಳಗೆ ಹೋಗಿದ್ದೆ.

ಮತ್ತೆ ಹೋದಾಗ ಅಜ್ಜಿ ತೀರ್ಕೊಂಡಿದ್ರು. ಅವರ ಸೊಸೆ ಹೇಳಿದ್ದನ್ನ ಈ ಸಲ ಹಂಗಂಗೇ ಬರ್ಕೊಂಡೆ: 'ಗುಡಿ ತಾವ ಕಡ್ಯಂಗಿಲ್ಲ ಅಂತ ಪೊಲೀಸ್ನೋರು ಬತ್ತಾರೆ. ಅದ್ಕೇ ಮಾರ್ನೇ ದಿನ ತೋಟದಲ್ಲಿ ಕಡೀತೀವಿ. ನಮ್ಮತ್ತೆ ಅನ್ನೋರು, ಎಲ್ಲಿ ಕಡುದ್ರೂ ಅವ್ವುಂಗೆ ಗೊತ್ತಾಯ್ತದೆ ಅಂತ.' ಗುಡಿ, ಗುಡಿ ಆವರಣದಲ್ಲಿ ಪ್ರಾಣಿಬಲಿ ಕೊಡಬಾರದು ಅನ್ನೋ ಕಾಯ್ದೆ ನಮ್ಮಲ್ಲಿ 1959ರಿಂದ ಇದೆ. ಬಲಿ ನಿಂತಿರ್ಲಿಲ್ಲ, ಜಾಗ ಬದಲಾಗಿತ್ತು. ಜಾಗ ಬದಲಾದ ಮೇಲೆ ಊರಿನ ಬಾಡೂಟ ಮನೆ ಮನೆಯ ಬಾಡೂಟ ಆಯ್ತು, ಯಾರನ್ನ ಕರೀಬೇಕು ಅನ್ನೋದು ಆ ಬೀದಿಯೋರ ಕೈಗೆ ಬಂತು. 2009ರಲ್ಲಿ ಅವರು ಗೌಡ್ರ ಮನೆಯೋರನ್ನ ಕರೆದಿರ್ಲಿಲ್ಲ. ಯಾಕಕ್ಕಾ ಅಂದೆ. 'ಅದ್ರ ಹಿಂದಿನ ವರ್ಸ ಬಂದು ನೀರು ಕುಡ್ದು ಎದ್ದೋದ್ರು, ಎಲೆ ಮುಂದೆ ಕೂರ್ಲಿಲ್ಲ.'

ಬೂರ್ದಿಯೊ ನನಗೆ ಅರ್ಥ ಆಗಿದ್ದು ಆವತ್ತು ರಾತ್ರಿ. ಆ ಫ್ರೆಂಚ್ ಮನುಷ್ಯ 1950ರ ದಶಕದ ಕೊನೇಲಿ, ಯುದ್ಧ ನಡೀತಿದ್ದ ಅಲ್ಜೀರಿಯಾದಲ್ಲಿ ಇದ್ದು ಅಲ್ಲಿನ ಕಬೈಲ್ ಅನ್ನೋ ಸಮುದಾಯದ ರೈತರ ಮನೆ, ಮಾನ, ಉಡುಗೊರೆ ಇವನ್ನ ನೋಡಿ ಬರೆದೋನು. ಕೊಟ್ಟಿದ್ದನ್ನ ತಗೊಂಡ್ರೆ ಋಣ, ಅದನ್ನ ತೀರಿಸೋಕೆ ತಕ್ಕಷ್ಟು ದಿನ ಬಿಡ್ಬೇಕು, ತಕ್ಷಣ ವಾಪಸ್ ಕೊಟ್ರೆ ಬೇಡ ಅಂದಂಗೆ, ತಗೊಳ್ದೇ ಇದ್ರೆ ಮುಖಕ್ಕೆ ಹೊಡೆದಂಗೆ ಅಂತಾನೆ. ಎಂ.ಎ.ನಲ್ಲಿ ಇದನ್ನ ಐದು ಅಂಕಕ್ಕೆ ಓದಿದ್ದೆ. ಉಣ್ಣದೇ ಎದ್ದ ಆ ಎಲೆ ಸಿಕ್ಕಿದ ಮೇಲೆ ಅದು ಕೆಲಸಕ್ಕೆ ಬಂತು.

ಅದಕ್ಕೇ ಯಾವ ಥಿಯರಿ ಮೊದಲು ಅನ್ನೋ ನಿಮ್ಮ ಪ್ರಶ್ನೇನೇ ನನಗೆ ಒಪ್ಪಿಗೆ ಇಲ್ಲ. ಹಾಗಂತ ಥಿಯರಿ ಬೇಡ, ಅದೆಲ್ಲ ಫಾರಿನ್ ಸರಕು ಅನ್ನೋರನ್ನ ಇನ್ನೂ ಒಪ್ಪಲ್ಲ. ಪ್ರಬಲ ಜಾತಿ ಅನ್ನೋ ವಿಚಾರ ಗೊತ್ತಿಲ್ದಿದ್ರೆ ಗೌಡ್ರ ಮನೆಯೋರು ಬರೋದು, ಉಣ್ಣೋದು ಯಾಕೆ ಅಷ್ಟು ದೊಡ್ಡ ವಿಷಯ ಅಂತ ನಾನು ಕೇಳ್ತಾನೇ ಇರ್ಲಿಲ್ಲ. ಅದನ್ನ ಪ್ರಶ್ನೆಯಾಗಿ ಇಟ್ಕೋಬೇಕಿತ್ತು, ಉತ್ತರವಾಗಿ ಇಟ್ಕೊಂಡೆ. ಉತ್ತರವಾಗಿ ಇಟ್ಕೊಂಡ್ರೆ ದೇವರಾಜ ಅರಸು ಅವರನ್ನೂ ಅರ್ಥ ಮಾಡ್ಕೊಳ್ಳೋಕಾಗಲ್ಲ, ಸಣ್ಣ ಸಮುದಾಯದಿಂದ ಬಂದು 1972ರಲ್ಲಿ ಮುಖ್ಯಮಂತ್ರಿ ಆಗಿ, ಹಿಂದುಳಿದ ವರ್ಗಗಳಿಗೆ ಅಂತ ಹಾವನೂರು ಆಯೋಗ ಮಾಡಿ, ಪ್ರಬಲ ಜಾತಿಗಳ ಆಚೆ ಇದ್ದೋರನ್ನೆಲ್ಲ ಒಟ್ಟು ಸೇರಿಸಿದ್ರಲ್ಲ, ಆ ಡೆಫಿನಿಶನ್‌ನಲ್ಲಿ ಅದಕ್ಕೆ ಜಾಗ ಎಲ್ಲಿದೆ?

ಅಂಬೇಡ್ಕರ್ ಅವರ 1916ರ 'ಕಾಸ್ಟ್ಸ್ ಇನ್ ಇಂಡಿಯಾ' ಪ್ರಬಂಧ ದಯವಿಟ್ಟು ಓದಿ, ಕೊಲಂಬಿಯಾ ಯೂನಿವರ್ಸಿಟಿಯ ಸೆಮಿನಾರ್‌ನಲ್ಲಿ ಇಪ್ಪತ್ತೈದನೇ ವಯಸ್ಸಿಗೆ ಮಂಡಿಸಿದ್ದು. ಮೇಲಿನೋರನ್ನ ನೋಡಿ ಕೆಳಗಿನೋರು ಅನುಕರಣೆ ಮಾಡ್ತಾರೆ ಅನ್ನೋದು ಅದರಲ್ಲೇ ಇದೆ, ಶ್ರೀನಿವಾಸ್ ಹುಟ್ಟಿದ ವರ್ಷ ಅದು. ಆದ್ರೆ ಅಂಬೇಡ್ಕರ್ ಕೇಳೋದು ಯಾರು ಮೇಲೇರಿದ್ರು ಅಂತ ಅಲ್ಲ, ಜಾತಿಯೊಳಗೇ ಮದುವೆ ಅನ್ನೋ ಬಾಗಿಲನ್ನ ಮೊದಲು ಹಾಕ್ಕೊಂಡೋರು ಯಾರು, ಆ ಬಾಗಿಲು ಕಾಯೋಕೆ ಹೆಂಗಸರಿಗೆ ಏನೇನು ಮಾಡಿದ್ರು ಅಂತ. ಒಂದೇ ಅನುಕರಣೆ, ಕೇಳೋ ಪ್ರಶ್ನೆ ಬೇರೆ. ನಮ್ಮ ಡಿಪಾರ್ಟ್‌ಮೆಂಟ್‌ಗಳಲ್ಲಿ ಇದನ್ನ ಶ್ರೀನಿವಾಸ್‌ಗಿಂತ ಮೊದಲು ಓದಿಸ್ಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ಶ್ರೀನಿವಾಸ್ ಬಗ್ಗೆ ಇನ್ನೊಂದು ಮಾತು. 1970ರಲ್ಲಿ ಅವರು ಸ್ಟ್ಯಾನ್‌ಫರ್ಡ್‌ನಲ್ಲಿದ್ದಾಗ ಯಾರೋ ಬೆಂಕಿ ಹಚ್ಚಿ, ವರ್ಷಾನುಗಟ್ಲೆ ತಿದ್ದಿ ಜೋಡಿಸಿಟ್ಟಿದ್ದ ರಾಂಪುರದ ಟಿಪ್ಪಣಿಯ ಮೂರೂ ಪ್ರತಿ ಸುಟ್ಟೋಯ್ತು. ಆಮೇಲೆ ನೆನಪಿಂದ ಬರೆದ ಪುಸ್ತಕ 1976ರಲ್ಲಿ ಬಂತು. ನೆನಪಿಂದ ಬರೆಯೋಕೆ ಅವರಿಗೆ ಊರಿತ್ತು. ನನ್ನ ನೋಟ್‌ಬುಕ್ ಸುಟ್ಟಿರ್ಲಿಲ್ಲ, ಕೈಲೇ ಇತ್ತು, ಊರು ಅದರಲ್ಲಿರ್ಲಿಲ್ಲ.

ನಿಮ್ಮೂರ ಹಬ್ಬ ಯುಗಾದಿ ಆದ್ಮೇಲೆ ಅಂತ ಬರ್ದಿದೀರಿ, ಟೈಮ್ ಇದೆ. ಗೆರೆ ಎಳೆಯದ ನೋಟ್‌ಬುಕ್ ತಗೊಂಡೋಗಿ. ಯಾರ ಮನೇಲಿ ಯಾರು ಉಂಡ್ರು, ಯಾರನ್ನ ಕರೀಲಿಲ್ಲ, ಯಾರು ನಿಂತ್ಕೊಂಡೇ ಮಾತಾಡಿ ಹೊರಟೋದ್ರು, ಅದಕ್ಕೆ ಮನೆಯೋರು ಏನಂದ್ರು ಅಂತ ಅವರ ಬಾಯಲ್ಲಿ ಬಂದಂಗೇ ಬರ್ಕೊಳ್ಳಿ. ಅದರಲ್ಲಿ ಒಂದೆರಡು ಪುಟ ಇಲ್ಲಿ ಹಾಕಿ, ಯಾವ ಪುಸ್ತಕ ತೆಗೀಬೇಕು ಅಂತ ಆಗ ಕೂತು ಮಾತಾಡೋಣ.