ಗಂಗಾವತಿಯಿಂದ ಮನಾಲಿಗೆ ಕಾರು: ವಿಂಟರ್ ಟೈರ್ ಹಾಕಿಸಬೇಕೆ?

ಪ್ರಶ್ನೆ: ಮಾಂಟ್ರಿಯಲ್‌ನಲ್ಲಿರುವ ಮಗ ಚಳಿಗಾಲ ಬಂತೆಂದರೆ ಕಾರಿನ ನಾಲ್ಕೂ ಟೈರ್ ಬಿಚ್ಚಿಸಿ ವಿಂಟರ್ ಟೈರ್ ಹಾಕಿಸುತ್ತಾನೆ. ಜನವರಿಯಲ್ಲಿ ಅವನು ಊರಿಗೆ ಬಂದಾಗ ನಮ್ಮ ಕಾರಲ್ಲೇ ಮನಾಲಿಗೆ ಹೋಗಬೇಕೆಂದಿದ್ದೇವೆ. ಟೈರ್ ಹೇಗೂ ಸವೆದಿವೆ. ಅಂಗಡಿಯವರು ‘ಆಲ್ ಸೀಸನ್ ಹಾಕಿಸಿ, ಎಲ್ಲಾ ಕಡೆ ನಡೆಯುತ್ತೆ’ ಅನ್ನುತ್ತಾರೆ. ಮಗ ‘ಹಿಮದಲ್ಲಿ ನಡೆಯಲ್ಲ’ ಅನ್ನುತ್ತಾನೆ. ಯಾರ ಮಾತು ಕೇಳಲಿ?
—ಗಂಗಾವತಿಯ ಓದುಗರು

ಉತ್ತರ: ಹಿಮದ ವಿಷಯದಲ್ಲಿ ಮಗ ಹೇಳಿದ್ದು ಸರಿ. ಆದರೂ ಅಂಗಡಿಯವರು ಹೇಳಿದ ಟೈರನ್ನೇ ಹಾಕಿಸಿ, ಜೊತೆಗೆ ಹಿಮದಲ್ಲಿ ಟೈರಿನ ಸುತ್ತ ಬಿಗಿಯುವ ಸ್ನೋ ಚೈನ್ ಒಯ್ಯಿರಿ.

ಚಳಿ ಸುಮಾರು 7 ಡಿಗ್ರಿಗಿಂತ ಕೆಳಗಿಳಿದರೆ ಮಾಮೂಲಿ ಟೈರಿನ ರಬ್ಬರ್ ಬಿರುಸಾಗುತ್ತ ಹೋಗುತ್ತದೆ, ಹಿಡಿತ ತಪ್ಪುತ್ತದೆ. ಆಲ್ ಸೀಸನ್ ಇದಕ್ಕೆ ಸ್ವಲ್ಪ ತಡೆಯುತ್ತದೆ, ಪೂರ್ತಿ ಅಲ್ಲ. ವಿಂಟರ್ ಟೈರಿನ ರಬ್ಬರ್ ಸೊನ್ನೆಗಿಂತ ಎಷ್ಟೋ ಕೆಳಗೂ ಮೆತ್ತಗೇ ಉಳಿಯುತ್ತದೆ. ಅದರ ಮೈಯನ್ನು ಹತ್ತಿರದಿಂದ ನೋಡಿದರೆ ಪ್ರತಿ ರಬ್ಬರ್ ಗಟ್ಟಿಯ ಮೇಲೂ ಬ್ಲೇಡಿನಿಂದ ಗೀರಿದಂಥ ಸಣ್ಣ ಅಂಕುಡೊಂಕು ಸೀಳುಗಳಿರುತ್ತವೆ. ಹಿಮ ಆ ಸೀಳುಗಳಲ್ಲಿ ಸಿಕ್ಕಿಕೊಂಡು, ರಸ್ತೆಯ ಹಿಮಕ್ಕೆ ಕಚ್ಚಿ ಹಿಡಿಯುತ್ತದೆ. ಮಾಂಟ್ರಿಯಲ್ ಇರುವ ಕ್ಯೂಬೆಕ್ ಪ್ರಾಂತದಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಈ ಟೈರ್ ಕಾನೂನಿನಂತೆ ಕಡ್ಡಾಯ. ಗುರುತು ಟೈರಿನ ಪಕ್ಕದಲ್ಲೇ ಇರುತ್ತದೆ: ಮೂರು ಶಿಖರದ ಬೆಟ್ಟ, ಅದರೊಳಗೆ ಹಿಮದ ಹರಳು. ಬರೀ ‘ಎಂ ಪ್ಲಸ್ ಎಸ್’ (ಮಡ್, ಸ್ನೋ; ಅಂದರೆ ಕೆಸರು, ಹಿಮ) ಎಂದಿದ್ದರೆ ಅದು ಗೀರಿನ ವಿನ್ಯಾಸದ ಬಗ್ಗೆ ಕಂಪನಿ ಹೇಳಿಕೊಂಡ ಮಾತಷ್ಟೇ, ಹಿಮದಲ್ಲಿ ಪರೀಕ್ಷೆಯಾಗಿದೆ ಎಂದಲ್ಲ.

ಆದರೆ ಆ ಮೆತ್ತನೆ ರಬ್ಬರೇ ನಮ್ಮ ಕಡೆ ಅಪಾಯ. ಏಪ್ರಿಲ್‌ನಲ್ಲಿ ನಮ್ಮ ಡಾಂಬರು 60 ಡಿಗ್ರಿ ದಾಟುವುದುಂಟು. ಅದರ ಮೇಲೆ ವಿಂಟರ್ ಟೈರ್ ಬೇಗ ಸವೆಯುತ್ತದೆ, ತಿರುವಿನಲ್ಲಿ ಗಾಡಿ ತೇಲಿದಂತಾಗುತ್ತದೆ, ಬ್ರೇಕ್ ಹಾಕಿದರೆ ನಿಲ್ಲಲು ಹೆಚ್ಚು ದೂರ ಬೇಕಾಗುತ್ತದೆ. ನಿಮ್ಮ ದಾರಿ ಒಂದು ಕಡೆಗೇ ಎರಡು ಸಾವಿರ ಕಿಲೋಮೀಟರಿಗೂ ಹೆಚ್ಚು. ಹಿಮ ಸಿಗುವುದು ಕೊನೆಯ ಕೆಲವೇ ಕಿಲೋಮೀಟರು. ಮುಂದಿನ ಎರಡು ಟೈರ್ ಮಾತ್ರ ವಿಂಟರ್ ಹಾಕಿಸುವ ಯೋಚನೆಯಂತೂ ಬೇಡವೇ ಬೇಡ. ಮುಂದೆ ಹಿಡಿತ, ಹಿಂದೆ ಜಾರು ಎಂದಾದರೆ ಇಳಿಜಾರಿನಲ್ಲಿ ಗಾಡಿ ಗಿರ್ರನೆ ತಿರುಗಿಬಿಡುತ್ತದೆ.

ಟೈರ್ ಆರಿಸುವಾಗ ಅಗಲವಾದ ಉದ್ದನೆಯ ಗೀರುಗಳಿರುವುದನ್ನು ನೋಡಿ. ಭತ್ತದ ನಾಟಿ ಸಮಯದಲ್ಲಿ ಕೇಜ್ ವೀಲ್ ಟ್ರ್ಯಾಕ್ಟರುಗಳು ಕಾರಟಗಿ, ಸಿಂಧನೂರು ರಸ್ತೆಗೆ ಎರೆಮಣ್ಣು ಬಳಿದುಹೋಗುತ್ತವಲ್ಲ, ಅದನ್ನು ಹೊರಗೆಸೆಯುವುದು ಈ ಗೀರುಗಳೇ. ಅಂಟುಮಣ್ಣು ತುಂಬಿಕೊಂಡರೆ ಹೊಸ ಟೈರೂ ಬೋಳು ಟೈರೇ. ಪಕ್ಕದಲ್ಲಿ ಒತ್ತಿರುವ ನಾಲ್ಕು ಅಂಕಿಯನ್ನೂ ಓದಿ. 1424 ಎಂದರೆ 2024ರ 14ನೇ ವಾರ ತಯಾರಾದದ್ದು. ಎರಡು ಮೂರು ವರ್ಷ ಗೋದಾಮಿನಲ್ಲಿದ್ದ ಟೈರನ್ನು ರಿಯಾಯಿತಿ ಕೊಟ್ಟರೂ ತರಬೇಡಿ.

ಇನ್ನು ಚೈನ್. ನಿಮ್ಮ ಟೈರಿನ ಸೈಜೇ, ಉದಾಹರಣೆಗೆ 185/65 ಆರ್15, ಚೈನಿನ ಪೊಟ್ಟಣದ ಮೇಲೂ ಇರಬೇಕು. ಕೆಲವು ಕಾರುಗಳಲ್ಲಿ ಟೈರಿಗೂ ಸಸ್ಪೆನ್ಷನ್ನಿಗೂ ನಡುವೆ ಚೈನಿಗೆ ಜಾಗ ಇರುವುದಿಲ್ಲ. ಕಾರಿನ ಕೈಪಿಡಿ ಚೈನ್ ಬೇಡ ಎಂದರೆ ಟೈರಿಗೆ ತೊಡಿಸುವ ಬಟ್ಟೆಯ ಸ್ನೋ ಸಾಕ್ಸ್ ಕೊಳ್ಳಿ. ಚೈನ್ ಹಾಕುವುದು ಇಂಜಿನ್ ತಿರುಗಿಸುವ ಗಾಲಿಗಳಿಗೆ. ಬಹುಪಾಲು ಸಣ್ಣ ಕಾರುಗಳಲ್ಲಿ ಅವು ಮುಂದಿನವು. ಹಾಕಿ ನೂರು ಮೀಟರ್ ಓಡಿಸಿ, ನಿಲ್ಲಿಸಿ, ಮತ್ತೆ ಬಿಗಿ ಮಾಡಿ. ಈ ಎರಡನೇ ಬಿಗಿ ಬಿಟ್ಟರೆ ಸಡಿಲಾದ ಚೈನ್ ಬ್ರೇಕ್ ಪೈಪನ್ನೇ ಹೊಡೆದು ಹಾಕಬಹುದು. ವೇಗ 30–40 ಸಾಕು. ಬರಿ ಡಾಂಬರು ಸಿಕ್ಕ ಕೂಡಲೇ ಬಿಚ್ಚಿ. ಊರಲ್ಲೇ ಅಂಗಳದಲ್ಲಿ ಎರಡು ಸಲ ಹಾಕಿ ತೆಗೆದು ರೂಢಿ ಮಾಡಿಕೊಳ್ಳಿ. ಕೊರೆಯುವ ಹಿಮದಲ್ಲಿ ಬೆರಳು ಸೆಟೆದಾಗ ಕಲಿಯಲು ಆಗುವುದಿಲ್ಲ.

ಗಾಳಿಯನ್ನೂ ಮರೆಯಬೇಡಿ. ಚಳಿಗೆ ಸುಮಾರು 5.5 ಡಿಗ್ರಿ ಇಳಿದರೆ ಟೈರಿನ ಗಾಳಿಯ ಒತ್ತಡ 1 ಪಿಎಸ್‌ಐ ಕಡಿಮೆಯಾಗುತ್ತದೆ. ಇಲ್ಲಿ 28 ಡಿಗ್ರಿಯಲ್ಲಿ 33 ತುಂಬಿಸಿದ್ದು ಮನಾಲಿಯ ಸೊನ್ನೆ ಡಿಗ್ರಿಯಲ್ಲಿ ಅಷ್ಟೇ ಉಳಿದಿರುವುದಿಲ್ಲ. ಅಲ್ಲಿ ಬೆಳಿಗ್ಗೆ ಗಾಡಿ ತೆಗೆಯುವ ಮುನ್ನ ನೋಡಿ ತುಂಬಿಸಿ. ವಾಪಸ್ ಕೆಳಗಿಳಿದ ಮೇಲೆ ಮತ್ತೊಮ್ಮೆ ಸರಿಮಾಡಿ.

ಪ್ರಶ್ನೆ: ಬೇಸಿಗೆಯಲ್ಲಿ ಟೈರ್ ಒಡೆಯಬಾರದೆಂದು ನಾಲ್ಕೈದು ಪಿಎಸ್‌ಐ ಕಡಿಮೆ ಗಾಳಿ ಹಾಕಿಸುತ್ತೇನೆ. ಸರಿಯೆ?
—ರಾಯಚೂರಿನ ಓದುಗರು

ಉತ್ತರ: ತಪ್ಪು, ಇವತ್ತೇ ಸರಿಮಾಡಿಸಿ. ಗಾಳಿ ಕಡಿಮೆಯಾದರೆ ಟೈರಿನ ಪಕ್ಕದ ಗೋಡೆ ಪ್ರತಿ ಸುತ್ತಿಗೂ ಮಡಚಿ ಬಿಡಿಸಿ ಬಿಸಿಯಾಗುತ್ತದೆ, ಒಳಗಿನ ಪದರ ಬಿಟ್ಟುಕೊಳ್ಳುತ್ತದೆ. ಹೆದ್ದಾರಿಯಲ್ಲಿ ಬೇಸಿಗೆಯ ಮಧ್ಯಾಹ್ನ ಟೈರ್ ಸಿಡಿಯಲು ಮುಖ್ಯ ಕಾರಣ ಇದೇ. ಡ್ರೈವರ್ ಬಾಗಿಲ ಪಕ್ಕದ ಚೀಟಿಯಲ್ಲಿ ಬರೆದಷ್ಟೇ ಗಾಳಿ ಇರಲಿ, ಅದನ್ನೂ ಬೆಳಿಗ್ಗೆ ಟೈರ್ ತಣ್ಣಗಿದ್ದಾಗ ಅಳೆಸಿ. ಓಡಿಸಿ ಬಿಸಿಯಾದ ಮೇಲೆ ಮೀಟರಿನಲ್ಲಿ 4–5 ಹೆಚ್ಚು ಕಂಡರೆ ಗಾಳಿ ಬಿಡಿಸಬೇಡಿ. ಟೈರ್ ಮಾಡುವವರು ಆ ಏರಿಕೆಯನ್ನು ಲೆಕ್ಕ ಹಿಡಿದೇ ಮಾಡಿರುತ್ತಾರೆ. ಸ್ಟೆಪ್ನಿಯನ್ನೂ ತಿಂಗಳಿಗೊಮ್ಮೆ ಅಳೆಸಿ.