ಮಗುವಿನ ಹೆಸರು ರೇಷನ್ ಕಾರ್ಡಿನಲ್ಲಿ ಇಲ್ಲದಿದ್ದರೆ?

ಪ್ರಶ್ನೆ: ನಮ್ಮದು ಬಿಪಿಎಲ್ ಕಾರ್ಡ್. ನಾಲ್ಕು ವರ್ಷದ ಮಗಳ ಹೃದಯದಲ್ಲಿ ರಂಧ್ರವಿದೆ, ಆಪರೇಷನ್ ಆಗಬೇಕು ಅಂದಿದ್ದಾರೆ. ಹುಟ್ಟಿನಿಂದ ಇದ್ದ ಕಾಯಿಲೆಗೆ ಆಯುಷ್ಮಾನ್ ಕಾರ್ಡ್ ನಡೆಯುತ್ತದೆಯೇ? ಅವಳ ಹೆಸರು ರೇಷನ್ ಕಾರ್ಡಿಗೆ ಇನ್ನೂ ಸೇರಿಲ್ಲ.

ಉತ್ತರ: ನಡೆಯುತ್ತದೆ. ಹಳೆಯ ಕಾಯಿಲೆ, ಹುಟ್ಟಿನ ದೋಷ ಅಂತ ಈ ಯೋಜನೆಯಲ್ಲಿ ತಳ್ಳಿಹಾಕುವಂತಿಲ್ಲ, ಕಾಯುವ ಅವಧಿಯೂ ಇಲ್ಲ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಉಚಿತ. ಈ ಮೊತ್ತ ಇಡೀ ಮನೆಗೆ ಸೇರಿ, ತಲೆಗೆ ಇಷ್ಟು ಅಂತಲ್ಲ. ಈ ವರ್ಷ ಅಜ್ಜನ ಚಿಕಿತ್ಸೆಗೆ ಅದೇ ಕಾರ್ಡ್ ಬಳಸಿದ್ದರೆ ಉಳಿದದ್ದೆಷ್ಟು ಎಂದು ಆಸ್ಪತ್ರೆಯ ಆರೋಗ್ಯಮಿತ್ರರನ್ನು (ಯೋಜನೆಯ ಬಗ್ಗೆ ರೋಗಿಗಳಿಗೆ ನೆರವಾಗುವ ಸಿಬ್ಬಂದಿ) ಮೊದಲೇ ಕೇಳಿ.

ತೊಡಕು ಹೆಸರಿನದು. ಜನನ ಪ್ರಮಾಣಪತ್ರ, ಆಧಾರ್, ಆಮೇಲೆ ರೇಷನ್ ಕಾರ್ಡ್, ಈ ಕ್ರಮದಲ್ಲೇ ಹೋಗಿ. ಎಷ್ಟೋ ಪ್ರಮಾಣಪತ್ರಗಳಲ್ಲಿ ಮಗುವಿನ ಹೆಸರಿನ ಜಾಗ ಖಾಲಿಯೇ ಇರುತ್ತದೆ, ಏಕೆಂದರೆ ನಾಮಕರಣಕ್ಕೆ ಮೊದಲೇ ನೋಂದಣಿ ಆಗಿರುತ್ತದೆ. ಒಂದು ವರ್ಷದೊಳಗೆ ಹೆಸರು ಸೇರಿಸಲು ಶುಲ್ಕವಿಲ್ಲ, ಆಮೇಲೆ 15 ವರ್ಷದವರೆಗೆ ಶುಲ್ಕ ಕಟ್ಟಿ ಸೇರಿಸಬಹುದು. ಐದು ವರ್ಷದೊಳಗಿನ ಮಗುವಿನ ಆಧಾರ್‌ಗೆ ಬೆರಳಚ್ಚು ತೆಗೆಯುವುದಿಲ್ಲ, ಫೋಟೊ, ಜನನ ಪ್ರಮಾಣಪತ್ರ ಮತ್ತು ತಾಯಿ ಅಥವಾ ತಂದೆಯ ಆಧಾರ್ ಸಾಕು. ಐದು ತುಂಬಿದ ಮೇಲೆ ಬೆರಳಚ್ಚು ಕೊಟ್ಟು ನವೀಕರಿಸಲೇಬೇಕು. ಇನ್ನೊಂದು ಮಾತು: ಒಂದರಲ್ಲಿ ‘ಲಕ್ಷ್ಮಿ’, ಇನ್ನೊಂದರಲ್ಲಿ ‘ಲಕ್ಷ್ಮಿ ಬಿ.’ ಎಂದಿದ್ದರೂ ಕಂಪ್ಯೂಟರ್‌ಗೆ ಅವರಿಬ್ಬರೂ ಬೇರೆ ಬೇರೆಯವರು. ಮೂರರಲ್ಲೂ ಹೆಸರು ಅಕ್ಷರಕ್ಕೆ ಅಕ್ಷರ ಒಂದೇ ಇರಲಿ.

ಇದೆಲ್ಲ ಆಗುವವರೆಗೆ ಕೈಕಟ್ಟಿ ಕೂರಬೇಡಿ. ಮಗು ಅಂಗನವಾಡಿಗೆ ಹೋಗುತ್ತಿದ್ದರೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ವರ್ಷಕ್ಕೆ ಎರಡು ಬಾರಿ ತಪಾಸಣೆಗೆ ಬರುತ್ತದೆ, ಶಾಲೆಗಾದರೆ ಒಂದು ಬಾರಿ. ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳಿಗಾಗಿ 2013ರಲ್ಲಿ ಶುರುವಾದ ಕಾರ್ಯಕ್ರಮ ಇದು. ಹೃದಯದ ದೋಷ, ಸೀಳುತುಟಿ, ವಕ್ರಪಾದ, ಕಣ್ಣಿನ ಪೊರೆ, ಹುಟ್ಟು ಕಿವುಡುತನ ಎಲ್ಲವೂ ಅದರ ಪಟ್ಟಿಯಲ್ಲಿವೆ. ತಂಡ ಬರುವ ದಿನ ಕಾಯದೆ ತಾಲ್ಲೂಕು ಆಸ್ಪತ್ರೆಯಲ್ಲೇ ಈ ಕಾರ್ಯಕ್ರಮದ ವೈದ್ಯರನ್ನು ವಿಚಾರಿಸಿ. ಇಷ್ಟು ಒಳ್ಳೆಯ ದಾರಿ ಇದ್ದೂ ಇದನ್ನು ಕೇಳಿಕೊಂಡು ಹೋಗುವವರು ಕಡಿಮೆ.

ಹೃದಯದ ಆಪರೇಷನ್‌ಗೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು. ಚೀಟಿ ಸಿಕ್ಕಮೇಲೆ ಯೋಜನೆಗೆ ಸೇರಿದ ಆಸ್ಪತ್ರೆಯೇ ಎಂದು ಖಚಿತಪಡಿಸಿಕೊಂಡು ಹೋಗಿ. ಆ ಆಸ್ಪತ್ರೆಯವರು ಎಕೋ (ಹೃದಯದ ಸ್ಕ್ಯಾನ್) ವರದಿ ಸಮೇತ ಅನುಮೋದನೆಗೆ ಕಳಿಸುತ್ತಾರೆ, ಅದು ಬಂದ ಮೇಲೆ ಆಪರೇಷನ್. ‘ಈಗ ದುಡ್ಡು ಕಟ್ಟಿ, ಆಮೇಲೆ ಬರುತ್ತದೆ’ ಎಂದು ಯಾರಾದರೂ ಅಂದರೆ ಒಪ್ಪಬೇಡಿ. ಬಿಲ್ ಕೊಟ್ಟು ಹಣ ವಾಪಸ್ ಪಡೆಯುವ ಯೋಜನೆ ಇದಲ್ಲ. ಡಿಸ್ಚಾರ್ಜ್ ನಂತರದ 15 ದಿನಗಳ ಔಷಧಿಯೂ ಪ್ಯಾಕೇಜಿನೊಳಗೇ (ಆ ಚಿಕಿತ್ಸೆಗೆ ಸರ್ಕಾರ ನಿಗದಿ ಮಾಡಿದ ಒಟ್ಟು ದರದೊಳಗೆ) ಬರುತ್ತದೆ, ಕೇಳಿ ಪಡೆಯಿರಿ.

ಪ್ರಶ್ನೆ: ನಮ್ಮದು ಎಪಿಎಲ್ ಕಾರ್ಡ್. ಮಗನ ಚಿಕಿತ್ಸೆಗೆ ಏನೂ ಸಿಗುವುದಿಲ್ಲವೇ?

ಉತ್ತರ: ಸಿಗುತ್ತದೆ, ಪೂರ್ತಿ ಅಲ್ಲ. ಪ್ಯಾಕೇಜ್ ದರದ ಶೇ 30ರಷ್ಟನ್ನು ಸರ್ಕಾರ ಭರಿಸುತ್ತದೆ, ಕುಟುಂಬಕ್ಕೆ ವರ್ಷಕ್ಕೆ 1.5 ಲಕ್ಷ ರೂಪಾಯಿ ಮಿತಿ. ಪ್ಯಾಕೇಜ್ 1 ಲಕ್ಷವಾದರೆ ನಿಮ್ಮ ಪಾಲು 70 ಸಾವಿರ. ಲೆಕ್ಕ ಸರ್ಕಾರ ನಿಗದಿ ಮಾಡಿದ ದರದ ಮೇಲೆ, ಆಸ್ಪತ್ರೆಯ ಮಾಮೂಲಿ ಬಿಲ್ಲಿನ ಮೇಲಲ್ಲ. ಕೂಸಿಗೆ ಒಂದು ವರ್ಷ ತುಂಬಿಲ್ಲವಾದರೆ ಕಾರ್ಡಿನ ಬಣ್ಣ ನೋಡುವುದೇ ಬೇಡ: ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಯಲ್ಲಿ ಔಷಧಿ, ಪರೀಕ್ಷೆ, ರಕ್ತ, ಹೋಗಿಬರುವ ವಾಹನ ಎಲ್ಲವೂ ಉಚಿತ.

ಪ್ರಶ್ನೆ: ಜ್ವರ, ಕೆಮ್ಮಿಗೆ ಕ್ಲಿನಿಕ್‌ಗೆ ಹೋದರೂ ಆಯುಷ್ಮಾನ್ ಕಾರ್ಡ್ ಆಗುತ್ತದೆಯೇ?

ಉತ್ತರ: ಇಲ್ಲ. ಒಳರೋಗಿಯಾಗಿ ದಾಖಲಾಗುವ ಚಿಕಿತ್ಸೆಗಷ್ಟೇ. ಜ್ವರ, ಕೆಮ್ಮಿಗೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. ಯೋಜನೆಯ ಬಗ್ಗೆ ಕೇಳುವುದಿದ್ದರೆ 104 ಅಥವಾ 14555ಕ್ಕೆ ಕರೆ ಮಾಡಿ.