ಕೊಲೊರಾಡೊದ ಮರಳುದಿಬ್ಬಕ್ಕೆ ಹಿಮದ ಸ್ಲೆಡ್ ಸಾಕಾ?

ಜುಲೈನಲ್ಲಿ ಮಕ್ಕಳನ್ನು ಕರೆದುಕೊಂಡು ಅಮೆರಿಕದ ಕೊಲೊರಾಡೊದಲ್ಲಿರುವ ಮರಳುದಿಬ್ಬಗಳ ರಾಷ್ಟ್ರೀಯ ಪಾರ್ಕು ಗ್ರೇಟ್ ಸ್ಯಾಂಡ್ ಡ್ಯೂನ್ಸ್‌ಗೆ ಹೊರಟಿದ್ದೀರಿ, ದಿಬ್ಬದ ಮೇಲಿಂದ ಜಾರೋಕೆ ಮನೆಯಲ್ಲಿರುವ, ಹಿಮದ ಮೇಲೆ ಕೂತು ಜಾರುವ ಸ್ಲೆಡ್ ಸಾಕಾ ಅಂತ ಕೇಳಿದ್ದೀರಿ. ಸಾಲದು. ಒಣ ಮರಳಿನ ಮೇಲೆ ಅದು ಜಾರುವುದೇ ಇಲ್ಲ, ಸುಮ್ನೆ ಹೊತ್ತುಕೊಂಡು ಹತ್ತಬೇಕು ಅಷ್ಟೇ. ಮರಳಿಗೆಂದೇ ಮಾಡಿದ, ತಳ ತುಂಬಾ ನುಣುಪಾಗಿರುವ ಬೋರ್ಡು ಬೇಕು. ಪಾರ್ಕಿನವರು ಬಾಡಿಗೆಗೆ ಕೊಡುವುದಿಲ್ಲ, ದಾರಿಯಲ್ಲೇ ತಗೊಳ್ಳಿ. ಜಾರುವ ಮೊದಲು ತಳಕ್ಕೆ ಮೇಣ ಚೆನ್ನಾಗಿ ಉಜ್ಜಿ, ವೇಗ ಬರುವುದೇ ಅದರಿಂದ.

ಮಕ್ಕಳು ಮೊದಲು ಕೂತೇ ಜಾರಲಿ. ಕೆಳಗಡೆ ಗಿಡವಾಗಲಿ ಗಟ್ಟಿ ನೆಲವಾಗಲಿ ಇಲ್ಲದ ಚಿಕ್ಕ ಇಳಿಜಾರು ನೋಡಿಕೊಳ್ಳಿ.

ನನಗೆ ಜಾಸ್ತಿ ಚಿಂತೆ ಬಿಸಿಲಿನದು. ಬೇಸಿಗೆಯ ಮಧ್ಯಾಹ್ನ ಅಲ್ಲಿನ ಮರಳು 65 ಡಿಗ್ರಿ ಸೆಲ್ಸಿಯಸ್‌ವರೆಗೂ ಕಾಯುತ್ತದೆ. ಚಪ್ಪಲಿ ಬೇಡ, ಶೂ ಹಾಕಿಸಿ. ಬೆಳಗ್ಗೆ ಬೇಗ ಹೋಗಿ, ಇಲ್ಲವೇ ಸಂಜೆ. ಗುಡುಗು ಕೇಳಿಸಿದರೆ ತಕ್ಷಣ ದಿಬ್ಬ ಇಳಿದುಬಿಡಿ.